ಕೊಟ್ರಬಸಪ್ಪನವರ ಮೋಟಾರು ದೋಣಿ

ಕೊಟ್ರಬಸಪ್ಪನವರು ಹರಾಜಿಗೆ ಹೋದದ್ದು ಎರಡು ಕಬ್ಬಿಣದ ಪೀಪಾಯಿ ತರಲಿಕ್ಕೆ. ಕೊಪ್ಪಳದಲ್ಲಿ ಅವರದು ಶೇಂಗಾ ಎಣ್ಣೆಯ ಮಿಲ್ಲು; ಎಣ್ಣೆ ತುಂಬಿಡಲು ಪೀಪಾಯಿ ಸಾಲುತ್ತಿರಲಿಲ್ಲ. ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ಅಣೆಕಟ್ಟಿನ ಹತ್ತಿರ ಒಂದು ಸರ್ಕಾರಿ ಅಂಗಳದಲ್ಲಿ ಬೇಡವಾದ ಸಾಮಾನು ಹರಾಜಿಗಿಟ್ಟಿದ್ದರು. ತುಕ್ಕು ಹಿಡಿದ ಪೈಪುಗಳು, ಕಾಲು ಮುರಿದ ಮೇಜುಗಳು, ಪೀಪಾಯಿಗಳು. ಅವುಗಳ ಪಕ್ಕದಲ್ಲಿ ನಾಲ್ಕು ವರ್ಷದಿಂದ ಬಿಸಿಲು ಕಾಯಿಸಿಕೊಳ್ಳುತ್ತ ಬಿದ್ದಿದ್ದ ಒಂದು ಕಟ್ಟಿಗೆಯ ಮೋಟಾರು ದೋಣಿ.

ಆ ದೋಣಿಯ ಕಡೆ ಯಾರೂ ನೋಡುತ್ತಿರಲಿಲ್ಲ. ಜವಳಿ ಅಂಗಡಿಯ ಉಮಾಪತಿ ಮಾತ್ರ ಅದರ ಪಕ್ಕ ನಿಂತಿದ್ದ, ಅದೂ ನೆರಳಿಗೆ. ಹರಾಜು ಕೂಗುವವನು "ಐನೂರು" ಎಂದಾಗ ಅವನು ತಮಾಷೆಗೆ ಕೈ ಎತ್ತಿದ. ಹಿಂದಿನ ವರ್ಷ ವರ್ತಕರ ಸಂಘದ ಚುನಾವಣೆಯಲ್ಲಿ ಇದೇ ಉಮಾಪತಿ ಕೊಟ್ರಬಸಪ್ಪನವರನ್ನು ಹನ್ನೊಂದು ಮತಗಳಿಂದ ಸೋಲಿಸಿದ್ದ. ಆ ಕೈ ಕಂಡದ್ದೇ ತಡ, ಕೊಟ್ರಬಸಪ್ಪನವರ ಕೈ ತಾನಾಗಿ ಮೇಲೆ ಹೋಯಿತು. ಎರಡು ಸಾವಿರದ ನೂರು ರೂಪಾಯಿಗೆ ಉಮಾಪತಿ ಕೈ ಇಳಿಸಿ, ನಗುತ್ತ ಬೀಡಿ ಹಚ್ಚಿಕೊಂಡ. ಪೀಪಾಯಿಗೆ ರೊಕ್ಕ ಉಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ಶೇಖರಮ್ಮ ಹೊಸ್ತಿಲಲ್ಲೇ ಕೇಳಿದರು.

"ಪೀಪಾಯಿ ಎಲ್ರಿ?"

"ಪೀಪಾಯಿ ಬಿಡು. ದೋಣಿ ತಗೊಂಡೀನಿ. ಮೋಟಾರು ದೋಣಿ. ಇಪ್ಪತ್ತೈದು ಮಂದಿ ಕೂಡ್ರತಾರ."

"ನಿಮಗ ಈಜು ಬರತೈತೇನ್ರಿ?"

"ಮಾಲಕರು ಈಜಂಗಿಲ್ಲ," ಎಂದರು ಕೊಟ್ರಬಸಪ್ಪನವರು. ಬಸ್ಸಿನಲ್ಲಿ ಬರುತ್ತಲೇ ಅವರು ಲೆಕ್ಕ ಹಾಕಿಬಿಟ್ಟಿದ್ದರು. ಹೊಳೆದಂಡೆಯ ಹುಲಿಗಿಯಲ್ಲಿ ಅಮ್ಮನ ಗುಡಿ; ಹೊಳೆಯ ಆಚೆಯಿಂದ ಭಕ್ತರು ಬರುತ್ತಾರೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆ. ತಲೆಗೆ ಎಂಟಾಣೆ. ಆರು ತಿಂಗಳಲ್ಲಿ ಅಸಲು ಬರುತ್ತದೆ, ಅಲ್ಲಿಂದ ಮುಂದೆ ಹೊಳೆಯ ನೀರೆಲ್ಲ ಲಾಭವೇ. ಆ ಲೆಕ್ಕದಲ್ಲಿ ರಿಪೇರಿ ಎಂಬ ಶಬ್ದ ಇರಲಿಲ್ಲ.

ದೋಣಿ ಲಾರಿಗೆ ಹಿಡಿಸಲಿಲ್ಲ. ಎರಡು ಚಕ್ಕಡಿಗಳನ್ನು ಜೋಡಿಸಿ, ಆರು ಎತ್ತು ಹೂಡಿ, ಹುಲಿಗಿಯ ದಂಡೆಗೆ ತಂದದ್ದಾಯಿತು. ದಾರಿಯಲ್ಲಿ ಒಂದು ಚಕ್ಕಡಿಯ ಅಚ್ಚು ಮುರಿಯಿತು. ಅದರ ರೊಕ್ಕವನ್ನೂ ಕೊಟ್ಟು, "ಶುಭಕಾರ್ಯದಾಗ ಇಷ್ಟು ಇರತೈತಿ" ಎಂದು ಕೊಟ್ರಬಸಪ್ಪನವರು ನಕ್ಕರು. ಆಗ ಅವರಿಗಿನ್ನೂ ನಗು ಬರುತ್ತಿತ್ತು.

ಶುಕ್ರವಾರ ಪೂಜೆ, ಕಾಯಿ, ಹೂವಿನ ಹಾರ. ಊರ ಮಂದಿಯೆಲ್ಲ ಸೇರಿ ದೋಣಿಯನ್ನು ನೀರಿಗೆ ತಳ್ಳಿದರು. ಹಾರ ತೇಲಿತು, ದೋಣಿ ತೇಲಲಿಲ್ಲ. ನಾಲ್ಕು ವರ್ಷ ಒಣಗಿದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ. ಅರ್ಧ ತಾಸಿನಲ್ಲಿ ಕೂಡುವ ಮಣೆಯ ಮಟ್ಟಕ್ಕೆ ನೀರು ಬಂತು. ಪೂಜಾರಿ ತಾಂಬೂಲದ ತಟ್ಟೆಯನ್ನು ತಲೆಯ ಮೇಲೆ ಹಿಡಿದು ಇಳಿದು ಬಂದ.

ಅಲ್ಲಿ ಹರಗೋಲು ನಡೆಸುತ್ತಿದ್ದ ಹೊನ್ನೂರಪ್ಪ ಎಂಬ ಐವತ್ತರ ಮನುಷ್ಯನಿದ್ದ. ಬಿದಿರು ಹೆಣೆದು, ಮೇಲೆ ಚರ್ಮ ಹೊದಿಸಿದ ದುಂಡನೆಯ ಬುಟ್ಟಿಯಲ್ಲಿ ಮೂವತ್ತು ವರ್ಷದಿಂದ ಭಕ್ತರನ್ನು ದಾಟಿಸುತ್ತಿದ್ದವನು. ಮೋಟಾರು ದೋಣಿ ಬಂದರೆ ಹೊಟ್ಟೆಗೆ ಕಲ್ಲು ಬೀಳುವುದು ಅವನಿಗೇ. ಆದರೂ ನೋಡಲಾರದೆ ಹತ್ತಿರ ಬಂದ.

"ಸಾವ್ಕಾರ್ರ, ಒಣಗಿದ ಕಟ್ಟಿಗಿ ಐತ್ರಿ. ನಾಕೈದು ದಿನ ಹಂಗ ನೀರಾಗ ಮುಳುಗಿಸಿ ಇಡ್ರಿ. ಕಟ್ಟಿಗಿ ಉಬ್ಬಿ ಸಂದಿ ತಾನ ಮುಚ್ಚತೈತಿ. ಒಂದು ಪೈಸಾ ಖರ್ಚಿಲ್ಲ."

"ತೇಲಸಾಕ ಅಂತ ನಾ ತಂದ್ರ, ಮುಳುಗಸು ಅಂತ ನೀ ಹೇಳ್ತೀ," ಎಂದರು ಕೊಟ್ರಬಸಪ್ಪನವರು. "ನಿನ್ನ ಹೊಟ್ಟಿಕಿಚ್ಚು ನನಗ ತಿಳಿಯಂಗಿಲ್ಲೇನು?"

ಹೊನ್ನೂರಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ. ಪುಕ್ಕಟೆ ಸಲಹೆಯನ್ನು ಕೊಟ್ರಬಸಪ್ಪನವರು ಜೀವನದಲ್ಲಿ ಎಂದೂ ನಂಬಿದವರಲ್ಲ.

ಅವರು ನಂಬಿದ್ದು ಕಿನ್ನಾಳವನ್ನು. ಕಟ್ಟಿಗೆಯ ಕೆಲಸವೆಂದರೆ ಕಿನ್ನಾಳದ ಗೊಂಬೆಯವರು, ಅವರಿಗಿಂತ ದೊಡ್ಡವರು ಯಾರು? ಹಿರಿಯ ಚಿತ್ರಗಾರನೊಬ್ಬನನ್ನು ಕರೆಸಿದರು. ಆತ ದೋಣಿಯನ್ನು ಸುತ್ತಿ ನೋಡಿ ಕೈ ಮುಗಿದ.

"ನಮ್ಮದು ಹುಣಸಿಬೀಜದ ಅಂಟು, ಕಟ್ಟಿಗಿ ಹೊಟ್ಟು ಕಲಿಸಿದ ಮುದ್ದಿ ರೀ. ಗೌರಿ ಮುಖಕ್ಕ ಛಲೋ. ನೀರಾಗ ನಿಲ್ಲಂಗಿಲ್ಲ."

"ಎಷ್ಟು ಆಗತೈತಿ, ಅದನ್ನ ಹೇಳು."

"ರೊಕ್ಕದ ಮಾತಲ್ರಿ ಇದು."

"ಎಲ್ಲಾ ರೊಕ್ಕದ ಮಾತ. ಹೇಳು."

ಹದಿನೈದು ದಿನದ ಕೆಲಸ. ಸಂದಿಗಳನ್ನೆಲ್ಲ ಮುದ್ದೆ ತುಂಬಿ ಉಜ್ಜಿ ನುಣುಪು ಮಾಡಿದರು. ಸುಮ್ಮನೆ ಬಿಡಲು ಕೈ ಬಾರದೆ ಬಣ್ಣವನ್ನೂ ಬಳಿದರು. ಎರಡೂ ಬದಿಗೆ ಗಿಳಿಗಳ ಸಾಲು, ನಡುವೆ ಬಳ್ಳಿ, ಮುಂದೆ ಹುಲಿಯ ಮುಖ. ಹೊಳೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಬಟ್ಟೆ ಒಗೆಯುವ ಹೆಂಗಸರು ಕೆಲಸ ಬಿಟ್ಟು ನೋಡಲು ಬಂದರು.

ದೋಣಿ ಎರಡು ದಿನ ತೇಲಿತು. ಮೂರನೆಯ ದಿನ ದಂಡೆಯ ನೀರು ಕೆಂಪಾಯಿತು, ಆಮೇಲೆ ಹಸಿರಾಯಿತು. ಗಿಳಿಗಳು ಒಂದೊಂದಾಗಿ ಹೊಳೆಪಾಲಾದವು. ನಾಲ್ಕನೆಯ ದಿನ ಬೆಳಿಗ್ಗೆ ದೋಣಿ ದಂಡೆಯಲ್ಲೇ ಕೂತುಬಿಟ್ಟಿತ್ತು. ಹುಲಿಯ ಕಿವಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಎತ್ತಿಸೋಣವೆಂದರೆ ಮುಂಗಾರು ಬಿತ್ತನೆಯ ದಿನ, ಎತ್ತು ಕೊಡುವವರಿಲ್ಲ. ಹಾಗೆಯೇ ಒಂದು ವಾರ ಮುಳುಗಿತ್ತು. ವಾರದ ಮೇಲೆ ಎತ್ತು ಸಿಕ್ಕು, ಎಳೆದು, ನೀರು ಗೋರಿ ಹಾಕಿದರೆ, ಹಲಗೆಗಳು ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಒಂದು ಹನಿ ಒಳಗೆ ಬರುತ್ತಿರಲಿಲ್ಲ.

"ನೋಡಿದೇನು ಕಿನ್ನಾಳದವರ ಕೆಲಸ!" ಎಂದು ಕೊಟ್ರಬಸಪ್ಪನವರು ಹೊನ್ನೂರಪ್ಪನಿಗೆ ಕೇಳುವಂತೆ ಕೂಗಿದರು. ಚಿತ್ರಗಾರನಿಗೆ ಇನಾಮು ಕಳಿಸಿದರು. ಆತ ಮರ್ಯಾದಸ್ಥ, ಇನಾಮನ್ನು ತಿರುಗಿ ಕಳಿಸಿದ.

ಇನ್ನು ಎಂಜಿನ್ನು. ಅದಕ್ಕೆ ಗಂಗಾವತಿಯಿಂದ ವಿರುಪಣ್ಣ ಬಂದ. ಕಾಲುವೆ ಸೀಮೆಯ ಭತ್ತದ ಗದ್ದೆಗಳಲ್ಲಿ ನೀರೆತ್ತುವ ಪಂಪು ರಿಪೇರಿ ಮಾಡುವವನು. ಎಂಜಿನ್ನಿಗೆ ಕಿವಿ ಹಚ್ಚಿ, ಡಾಕ್ಟರರ ಹಾಗೆ ಕಣ್ಣು ಮುಚ್ಚಿ, ಕೊನೆಗೆ ಪರವಾಗಿಲ್ಲ ಎನ್ನುವುದನ್ನು ತೆಲುಗಿನಲ್ಲಿ, "ಪರವಾಲೇದು ಸಾವ್ಕಾರ್ರ, ಸಣ್ಣ ಖರ್ಚು" ಎನ್ನುತ್ತಿದ್ದ. ಈ ಮಾತನ್ನು ಕೊಟ್ರಬಸಪ್ಪನವರು ಮುಂದಿನ ಒಂದು ವರ್ಷದಲ್ಲಿ ಎಷ್ಟು ಸಲ ಕೇಳಿದರೆಂದರೆ, ಅದನ್ನು ಕೇಳಿದ ಕೂಡಲೇ ಅವರ ಕೈ ತಾನಾಗಿ ಅಂಗಿಯ ಒಳಕಿಸೆಗೆ ಹೋಗುತ್ತಿತ್ತು.

ಮೊದಲು ಎಣ್ಣೆ ಚಿಮ್ಮುವ ನಾಜಲ್ಲು. ಅದು ಹೊಸಪೇಟೆಯಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಮದ್ರಾಸಿನಿಂದ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಅದನ್ನು ಹಾಕಿದ ಮೇಲೆ ಎಂಜಿನ್ನು ಶುರುವಾಯಿತು. ಶುರುವಾದದ್ದರಿಂದಲೇ ಬೇರಿಂಗು ಹೋಗಿದೆಯೆಂದು ಗೊತ್ತಾಯಿತು. ಬೇರಿಂಗು ಬದಲಿಸಿ ಹೊಳೆಯಲ್ಲಿ ನೂರು ಮಾರು ಹೋದರೆ, ಹಿಂದೆ ನೀರು ತಳ್ಳುವ ಪಂಖಾ ಬಂಡೆಗೆ ಬಡಿದು ಎರಡು ರೆಕ್ಕೆ ಮುರಿದುಹೋದವು. ಹೊಳೆಯಲ್ಲಿ ಎಲ್ಲೆಲ್ಲಿ ಬಂಡೆಯಿದೆ ಎಂದು ಹೊನ್ನೂರಪ್ಪನಿಗೆ ಗೊತ್ತಿತ್ತು. ಅವನನ್ನು ಯಾರೂ ಕೇಳಲಿಲ್ಲ, ಅವನೂ ಈಗ ತಾನಾಗಿ ಹೇಳಲು ಬರಲಿಲ್ಲ.

ವಿರುಪಣ್ಣ ಬಿಲ್ಲನ್ನು ಸಿಗರೇಟು ಪಾಕೀಟಿನ ಹಿಂದೆ ಬರೆಯುತ್ತಿದ್ದ. ಪ್ರತಿ ಬಿಲ್ಲಿನ ಕೊನೆಗೂ 'ಇತರೆ' ಎಂದು ಒಂದು ಸಾಲು. ಎಲ್ಲಕ್ಕಿಂತ ದೊಡ್ಡ ಮೊತ್ತ ಅದರ ಮುಂದೆಯೇ.

"ಏ ವಿರುಪಣ್ಣ, ಇತರೆ ಅಂದ್ರ ಏನೋ?"

"ಇತರೆ ಅಂದ್ರ, ಹೇಳಾಕ ಬರದಿರೋವು ರೀ," ಎಂದ ವಿರುಪಣ್ಣ, ಬಹಳ ಪ್ರಾಮಾಣಿಕವಾಗಿ.

ಈ ಬಿಲ್ಲುಗಳನ್ನು ಕೊಟ್ರಬಸಪ್ಪನವರು ಲೆಕ್ಕದ ಪುಸ್ತಕದಲ್ಲಿ ಮಿಲ್ಲಿನ ರಿಪೇರಿ ಎಂದು ಬರೆಸುತ್ತಿದ್ದರು. ಒಂದು ದಿನ ಊಟಕ್ಕೆ ಬಡಿಸುತ್ತ ಶೇಖರಮ್ಮ ಕೇಳಿದರು, "ನಮ್ಮ ಎಣ್ಣಿ ಮಿಲ್ಲಿಗೆ ಪಂಖಾ ಯಾವಾಗ ಹಚ್ಚಿಸಿದ್ರಿ?"

ಕೊಟ್ರಬಸಪ್ಪನವರು ತುತ್ತು ನುಂಗಿದರು. "ಬ್ಯಾಸಗಿ ಭಾಳ ಇತ್ತು," ಎಂದರು.

ಶೇಖರಮ್ಮ ಸಾರು ಬಡಿಸಿದರು. ಅನ್ನಕ್ಕೆ ತುಪ್ಪ ಮಾತ್ರ ಹಾಕಲಿಲ್ಲ.

ಎಪ್ಪತ್ತೊಂಬತ್ತರ ಸೀಗಿ ಹುಣ್ಣಿಮೆಗೆ ಎಲ್ಲ ಸರಿಯಾಯಿತು. ಹೊಸ ಪಂಖಾ, ಹೊಸ ಬಣ್ಣ. ಆಚೆ ದಂಡೆಯಲ್ಲಿ ಜಾತ್ರೆಯಷ್ಟು ಮಂದಿ. ಇಪ್ಪತ್ತೈದು ಮಂದಿಯ ದೋಣಿಗೆ ಕೊಟ್ರಬಸಪ್ಪನವರು ನಲವತ್ತೊಂದು ಮಂದಿಯನ್ನು ಹತ್ತಿಸಿದರು. ಬಿಳಿ ಧೋತರ, ಕೋಟು ಹಾಕಿಕೊಂಡು ಮುಂದೆ ನಿಂತರು. ದೋಣಿ ನಿಜವಾಗಿಯೂ ಹೋಯಿತು. ಗಾಳಿಗೆ ಕೋಟಿನ ಅಂಚು ಹಾರಾಡುತ್ತಿತ್ತು. ಒಂದು ಮುದುಕಿ "ಅವ್ವಾ, ವಿಮಾನ ಹೋದಂಗ ಹೊಂಟೈತಿ" ಎಂದಳು. ಆ ಮೂರು ನಿಮಿಷ ಕೊಟ್ರಬಸಪ್ಪನವರು ಜನ್ಮದಲ್ಲೇ ಎಂದೂ ಇಲ್ಲದಷ್ಟು ಸುಖವಾಗಿದ್ದರು ಎಂದರೆ ಸುಳ್ಳಲ್ಲ.

ನಡುಹೊಳೆಯಲ್ಲಿ ಎಂಜಿನ್ನು ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ನಿಂತಿತು. ನೀರಿನ ಸೆಳೆತಕ್ಕೆ ದೋಣಿ ಅಡ್ಡಡ್ಡ ತೇಲುತ್ತ ಕೆಳಗೆ ಹೋಗಿ ಒಂದು ದೊಡ್ಡ ಬಂಡೆಯ ಮೇಲೆ ನೆಟ್ಟಗೆ ಕೂತಿತು. ಅಪಾಯವೇನೂ ಇರಲಿಲ್ಲ, ಆದರೆ ದಾರಿಯೂ ಇರಲಿಲ್ಲ. ಮಕ್ಕಳು ಅತ್ತವು, ಹೆಂಗಸರು ಅಮ್ಮನನ್ನು ಕೂಗಿದರು, ಗಂಡಸರು ಕೊಟ್ರಬಸಪ್ಪನವರ ತಾಯಿಯನ್ನು ನೆನೆದರು. ವಿರುಪಣ್ಣ ದಂಡೆಯ ಮೇಲೆ ಚಹಾದ ಬಟ್ಟಲು ಹಿಡಿದು ನಿಂತು, ಎರಡೂ ಕೈ ಬಾಯಿಗೆ ಬೇಕಾದ್ದರಿಂದ ಬಟ್ಟಲನ್ನು ಕೆಳಗಿಟ್ಟು, "ಪರವಾಲೇದು ಸಾವ್ಕಾರ್ರ!" ಎಂದು ಕೂಗಿದ.

ಹೊನ್ನೂರಪ್ಪ ತನ್ನ ಮಂದಿಯೊಂದಿಗೆ ನಾಲ್ಕು ಹರಗೋಲು ತಂದ. ಮಕ್ಕಳು, ಹೆಂಗಸರು, ಆಮೇಲೆ ಗಂಡಸರು, ಎಲ್ಲರನ್ನೂ ದಾಟಿಸಿದ. ಕೊಟ್ರಬಸಪ್ಪನವರು ಮಾತ್ರ ಇಳಿಯಲಿಲ್ಲ. ಸಾಯಂಕಾಲದವರೆಗೆ ಬಂಡೆಯ ಮೇಲಿನ ದೋಣಿಯಲ್ಲಿ, ಕೋಟು ಹಾಕಿಕೊಂಡೇ ಕೂತಿದ್ದರು. ಕೊನೆಗೆ ಸುದ್ದಿ ಕೇಳಿ ಕೊಪ್ಪಳದಿಂದ ಬಂದ ಶೇಖರಮ್ಮ ದಂಡೆಯಿಂದ ಕೂಗಿದರು.

"ಊಟಕ್ಕ ಬರತೀರೋ, ಅಲ್ಲೇ ಕಳಸಲೋ?"

ಬಂದರು. ಹರಗೋಲಿನಲ್ಲಿ ಮುದುಡಿ ಕೂತು ಬರುವಾಗ ಅವರ ಕಣ್ಣು ಹೊನ್ನೂರಪ್ಪನ ಕಾಲ ಬಳಿಯ ಹೊಲಿಗೆಯ ಮೇಲೆ ಬಿತ್ತು. ತೇಪೆ ಹಾಕಿ, ಡಾಂಬರು ಬಳಿದಿತ್ತು.

"ನಿಂದೂ ತೂತು ಬೀಳತೈತೇನು?"

"ವರ್ಷಾ ಬೀಳತೈತ್ರಿ."

"ಮತ್ತ ಏನ್ ಮಾಡ್ತೀ?"

"ಹೊಲಿತೀನ್ರಿ," ಎಂದ ಹೊನ್ನೂರಪ್ಪ. "ಹೊಲಿಯಾಕ ಬರದವರು ಹೊಳಿಗೆ ಯಾಕ ಇಳಿಬೇಕ್ರಿ?" ಇಷ್ಟು ದಿನದಲ್ಲಿ ಅವನು ಕಟುವಾಗಿ ಆಡಿದ್ದು ಅದೊಂದೇ ಮಾತು.

ದಂಡೆಯಲ್ಲಿ ಎಂಟಾಣೆ ವಾಪಸು ಕೇಳುವವರು ಕಾದಿದ್ದರು. ದೋಣಿ ಹತ್ತಿದವರು ನಲವತ್ತೊಂದು ಮಂದಿ, ರೊಕ್ಕ ವಾಪಸು ಕೇಳಿದವರು ಅರವತ್ತಮೂರು. ಎಲ್ಲರಿಗೂ ಕೊಟ್ಟರು.

ಮರುದಿನ ದೋಣಿಯನ್ನು ದಂಡೆಗೆ ಎಳೆಸಿ, ವಿರುಪಣ್ಣ ಕಿವಿ ಹಚ್ಚಿ ನೋಡಿದ. ಗೇರು ಪೆಟ್ಟಿಗೆ ಹೋಗಿದೆ, ಮುಂಬಯಿಯಿಂದ ತರಿಸಬೇಕು, ಮೂರು ಸಾವಿರದ ಐನೂರು. "ಪರವಾ..." ಎಂದು ಬಾಯಿ ತೆರೆದವನು ಶೇಖರಮ್ಮನವರ ಮುಖ ನೋಡಿ ಬಾಯಿ ಮುಚ್ಚಿದ.

ಶೇಖರಮ್ಮ ಒಂದೇ ಪ್ರಶ್ನೆ ಕೇಳಿದರು. "ಗೇರ್ ಇಲ್ಲದ, ನೆಲದ ಮ್ಯಾಲ ಈ ಎಂಜಿನ್ ಓಡತೈತೇನು?"

"ಓಡತೈತಮ್ಮ, ಬೆಲ್ಟ್ ಹಾಕಿದ್ರ ಆತು. ತಣ್ಣಗಿಡಾಕ ಒಂದು ನೀರಿನ ತೊಟ್ಟಿ ಬೇಕು."

ಎಂಜಿನ್ನು ಮಿಲ್ಲಿಗೆ ಬಂತು. ಆಗ ದಿನಕ್ಕೆ ಆರು ತಾಸು ಕರೆಂಟು ಇರುತ್ತಿರಲಿಲ್ಲ. ಬೇರೆ ಮಿಲ್ಲುಗಳು ನಿಂತಾಗ ಇದು ಬಡಬಡ ಬಡಿಯುತ್ತ ಎಣ್ಣೆ ತೆಗೆಯುತ್ತಿತ್ತು. ಹೊಳೆಯಲ್ಲಿ ಮೂರು ನಿಮಿಷಕ್ಕೆ ನಿಂತದ್ದು ಮಿಲ್ಲಿನಲ್ಲಿ ಮೂರು ವರ್ಷ ತಕರಾರಿಲ್ಲದೆ ಓಡಿತು. ಈಗ ಅದು ಶೇಖರಮ್ಮನವರ ಎಂಜಿನ್ನು ಎಂದೇ ಎಲ್ಲರೂ ಕರೆಯುತ್ತಿದ್ದರು.

ಉಳಿದದ್ದು ಖಾಲಿ ದೋಣಿ. ಶೇಖರಮ್ಮ ಅದನ್ನು ಪುಕ್ಕಟೆ ಕೊಡುತ್ತೇನೆಂದು ಹೊನ್ನೂರಪ್ಪನನ್ನು ಕರೆದು ಹೇಳಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ ತಾಯಿ. ನಾ ಏನು ತಪ್ಪು ಮಾಡೀನಿ?"

ಕೊನೆಗೆ ತಗೊಂಡವಳು ದಂಡೆಯಲ್ಲಿ ಚಹಾ ಮಾರುತ್ತಿದ್ದ ಮೆಹರುನಬಿ. ನಾಲ್ಕು ಕಲ್ಲುಕಂಬ ನೆಟ್ಟು, ದೋಣಿಯನ್ನು ಬೋರಲು ಹಾಕಿ, ಮೇಲೆ ತಗಡು ಹೊಡೆಸಿ, ಅದರ ಕೆಳಗೆ ಒಲೆ ಹಚ್ಚಿದಳು. ಭಕ್ತರು ಹುಡುಕಿಕೊಂಡು ಬರತೊಡಗಿದರು. ಅಂಗಡಿ ಚೆನ್ನಾಗಿ ನಡೆಯಿತು. ಕೊಟ್ರಬಸಪ್ಪನವರು ಹುಲಿಗಿಗೆ ಬಂದಾಗಲೆಲ್ಲ ಅಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಎಲ್ಲರ ಹಾಗೆ ರೊಕ್ಕ ಕೊಟ್ಟು.

ಎಂಬತ್ತೆರಡರಲ್ಲಿ ಒಂದು ಮಂಗಳವಾರ ಕುಷ್ಟಗಿ ಕಡೆಯ ರೈತನೊಬ್ಬ ಅವರ ಪಕ್ಕ ಬಂದು ಕೂತ. ಇವರು ಒಮ್ಮೆ ಮೋಟಾರು ದೋಣಿ ಇಟ್ಟಿದ್ದ ಸಾವ್ಕಾರರು ಎಂದು ಯಾರೋ ಹೇಳಿದ್ದರಂತೆ.

"ಒಂದು ಹಳೇ ಟ್ರ್ಯಾಕ್ಟರ್ ಬಂದೈತ್ರಿ. ಮಾಲಕ ಅಗ್ಗದಾಗ ಕೊಡತೀನಿ ಅಂತಾನ. ಎಂಜಿನ್ ವ್ಯವಹಾರ ನಿಮಗ ಗೊತ್ತು, ತಗೊಳ್ಳಲೇನ್ರಿ?"

ಅವನ ಕಣ್ಣಲ್ಲಿ ಹೊಳಪಿತ್ತು. ಕೊಟ್ರಬಸಪ್ಪನವರಿಗೆ ಎಲ್ಲವನ್ನೂ ಹೇಳಬೇಕೆನಿಸಿತು. ಬಾಯಿ ತೆರೆದರು ಕೂಡ. ಆದರೆ ಹೇಳಬೇಕೆಂದರೆ ಒಟ್ಟು ಎಷ್ಟು ಹೋಯಿತೆಂದು ಹೇಳಬೇಕಾಗುತ್ತಿತ್ತು. ಎದುರಿಗೆ ಮೆಹರುನಬಿ ಚಹಾ ಸೋಸುವುದನ್ನು ನಿಲ್ಲಿಸಿದ್ದಳು, ಬೆಂಚಿನ ಮೇಲಿನ ಹತ್ತು ಮಂದಿ ಕಿವಿ ನಿಮಿರಿಸಿದ್ದರು.

ಕೊಟ್ರಬಸಪ್ಪನವರು ಚಹಾದ ಬಟ್ಟಲು ಕೆಳಗಿಟ್ಟರು.

"ಬಣ್ಣ ಹೆಂಗೈತಿ?"

"ಹೊಸಾದರಂಗ ಐತ್ರಿ."

"ಹಂಗಾರ ತಗೋ. ಏನೂ ತ್ರಾಸಿಲ್ಲ."

ರೈತ ಕೈ ಮುಗಿದು, ಅವರ ಚಹಾದ ರೊಕ್ಕವನ್ನೂ ತಾನೇ ಕೊಟ್ಟು ಹೋದ.