ಮಾವನಿಗೆ ಅಪ್ಪಣೆ

ಸಮುದ್ರವನ್ನು ದಂಡೆಯಲ್ಲಿ ನಿಂತು ನೋಡಿದ್ದಷ್ಟೇ ಗೊತ್ತಿರುವವರು ಹಾಯಿದೋಣಿಯ ಕಥೆ ಹೇಳುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಓದುಗರು ಮನ್ನಿಸಬೇಕು.

ಬ್ಯಾಡಗಿಯ ಮೈಲೇಶ ಕಾರವಾರದಲ್ಲಿ ಕೆಲಸಕ್ಕಿದ್ದಾಗ ಆರು ವರ್ಷ ಪುಟ್ಟ ಹಾಯಿದೋಣಿಯನ್ನು ಒಬ್ಬನೇ ನಡೆಸಿ ಪಳಗಿದವನು. ಬರುವ ವಾರ ಗೋವಾದಲ್ಲಿ ನಲವತ್ತಡಿಯ ಯಾಟ್, ಅಂದರೆ ವಿಹಾರದ ದೊಡ್ಡ ಹಾಯಿದೋಣಿ, ಬಾಡಿಗೆಗೆ ಹಿಡಿದು, ಮನೆಯವರನ್ನು ಕೂರಿಸಿಕೊಂಡು ತಾನೇ ಕ್ಯಾಪ್ಟನ್ ಆಗಿ ಹೊರಡುವುದಿತ್ತು. ಅಷ್ಟು ದೊಡ್ಡದನ್ನು ದಡಕ್ಕೆ ತರಲು ಒಬ್ಬನ ಕೈ ಸಾಲದು. ಚುಕ್ಕಾಣಿ ಬಿಡದೆ ಉಳಿದವರಿಂದ ಕೆಲಸ ಮಾಡಿಸಬೇಕು. ಅದಕ್ಕೇ ಮೆಣಸಿನಕಾಯಿ ಒಣಗಿಸುವ ಖಾಲಿ ಕಣದಲ್ಲಿ ಸುಣ್ಣದಿಂದ ದೋಣಿ ಬರೆದು, ಹಿಂತುದಿಯಲ್ಲಿ ಸ್ಟೂಲು ಹಾಕಿ ಕುಳಿತ. ಮುಂತುದಿಯಲ್ಲಿ ಮಾವ ತಿರಕಪ್ಪನವರು ಹಗ್ಗ ಹಿಡಿದು ನಿಂತರು. ಹೆಂಡತಿ ದೀಪಿಕಾ ದಂಡೆಯೆಂದು ಇಟ್ಟುಕೊಂಡ ಎದುರಿನ ಕಟ್ಟೆಯೇರಿ ಕುಳಿತಳು.

"ದಂಡಿ ಬಂತ್ರಿ, ಕ್ಯಾಪ್ಟನ್ ಸಾಹೇಬ್ರ!" ಎಂದಳು.

ದಂಡೆಗೆ ಹಗ್ಗ ಎಸೆಯಲು ಹೇಳಬೇಕಿದ್ದ ಮೈಲೇಶ, ಹೆಣ್ಣು ಕೊಟ್ಟ ಮಾವನಿಗೆ ಅಪ್ಪಣೆ ಮಾಡಲಾರದೆ, ಚುಕ್ಕಾಣಿ ಬಿಟ್ಟು ಓಡಿಹೋಗಿ ತಾನೇ ಎಸೆದ. ಮೂರು ಸಲವೂ ಹಾಗೆಯೇ ಆಯಿತು.

"ಹೋತು, ದೋಣಿ ಕಲ್ಲಿಗೆ ಬಡೀತು," ದೀಪಿಕಾ ನಕ್ಕಳು. "ಅಪ್ಪಾ, ನಿನಗ ಈಜಾಕ ಬರ್ತೈತಿಲ್ಲೋ?"

ತಿರಕಪ್ಪನವರು ನಗಲಿಲ್ಲ. "ಅಳಿಯಂದ್ರ, ನಾ ಇಲ್ಲಿ ಉಪಚಾರ ಮಾಡಿಸ್ಕೊಳ್ಳಾಕ ಬಂದೇನೇನ್ರಿ? ಬೇಕಾದ್ರ ಬೈರಿ. ಕೈಯಾಗಿನ ಕೆಲಸ ಮಾತ್ರ ಕಸಗೋಬ್ಯಾಡ್ರಿ."

ನಾಲ್ಕನೆಯ ಸಲವೂ ಮೈಲೇಶ ಅರ್ಧ ಎದ್ದ. ಮತ್ತೆ ಕುಳಿತು ಕೂಗಿದ: "ಮಾವಾರ, ಹಗ್ಗ ಒಗೀರಿ!" ತಿರಕಪ್ಪನವರು ಎಸೆದರು. ಹಗ್ಗ ಕಟ್ಟೆಯ ಮೇಲೆ ಸರಿಯಾಗಿ ಬಿತ್ತು.

ಕಣದಲ್ಲಿ ಗಾಳಿಯಿರಲಿಲ್ಲ, ಅಲೆಯಿರಲಿಲ್ಲ. ನಿಜವಾದ ನೀರಿನ ಮೇಲೆ ಆ ಮಾತು ಹೊತ್ತಿಗೆ ಸರಿಯಾಗಿ ಅವನ ಬಾಯಿಗೆ ಬರುತ್ತದೆಯೋ ಇಲ್ಲವೋ, ಗೊತ್ತಿಲ್ಲ.