ಹೊಳೆ ಮೈ ಚಾಚುವ ಬಯಲು

ಪುರಸಭೆಯ ಸಭೆಯನ್ನು ಹೊಳೆಯಂಚಿನ ಬಯಲಿನಲ್ಲೇ ನಡೆಸಬೇಕೆಂಬುದು ಅಧ್ಯಕ್ಷರ ತಲೆಯಲ್ಲಿ ಹುಟ್ಟಿದ ಯೋಚನೆ. ಕಾರ್ಖಾನೆಯವರನ್ನು ಕೂರಿಸಿಕೊಂಡು ಜಾಗದಲ್ಲೇ ತೀರ್ಮಾನ ಮಾಡಿದರೆ ಊರಿಗೊಂದು ಗತ್ತು ಎಂದು ಅವರ ಲೆಕ್ಕಾಚಾರ. ಹಾಗಾಗಿ ಆ ಬೆಳಿಗ್ಗೆ ಹುಲ್ಲಿನ ಮೇಲೆ ಶಾಮಿಯಾನ ಎದ್ದಿತ್ತು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಹುಡುಕಿದರೂ ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

ಕುರ್ಚಿ ಹೊತ್ತು ತರುತ್ತಿದ್ದವರಲ್ಲಿ ಟೈಲರಕ್ಕನ ತಮ್ಮನೂ ಇದ್ದ. ಪೇಟೆ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಕ್ಕ ಆ ಬೀದಿಯಿಂದಲೇ ಗೆದ್ದು ಬಂದ ಸದಸ್ಯೆ. ಹಳೆಯ ಗಿರಣಿ ಬಾಗಿಲು ಹಾಕಿದ ಮೇಲೆ ತಮ್ಮನದು ಸಿಕ್ಕ ಕಡೆ ಸಿಕ್ಕಷ್ಟು ದುಡಿಯುವ ಬಾಳು.

"ಅಕ್ಕಾ, ಕಾರ್ಖಾನೆ ಮ್ಯಾನೇಜರು ನನ್ನನ್ನ ಮಾತಾಡಿಸಿದ್ರು. ಮೊದಲನೇ ಬ್ಯಾಚಲ್ಲೇ ತಗೋತಾರಂತೆ," ಎಂದ ಅವನ ಮುಖ ಅರಳಿತ್ತು.

"ನಾನು ಕೈ ಎತ್ತೋದು ಗ್ಯಾರಂಟಿ ಕಣೋ. ಮಾತು ಅಂದ್ರೆ ಮಾತು," ಎಂದಳು ಟೈಲರಕ್ಕ.

ವಿಷಯ ಇಷ್ಟೇ. ಊರಿನ ನಕ್ಷೆಯಲ್ಲಿ ಹೊಳೆಯ ಪಕ್ಕ ಒಂದು ನೀಲಿ ಗೆರೆ ಇದೆ. ನೆರೆ ಬಂದರೆ ನೀರು ಅಲ್ಲಿಯವರೆಗೆ ಬರಬಹುದು, ಅದರೊಳಗೆ ಯಾರೂ ಕಟ್ಟುವಂತಿಲ್ಲ ಎಂದು ಅದರ ಅರ್ಥ. ಆ ಗೆರೆಯನ್ನು ಹೊಳೆಯ ಬುಡಕ್ಕೇ ಸರಿಸಿದರೆ ಬಯಲು ಕಾರ್ಖಾನೆಗೆ ಸಿಗುತ್ತದೆ. ನಾಲ್ವರು ಸದಸ್ಯರು ಪರ, ನಾಲ್ವರು ವಿರೋಧ. ಉಳಿದವಳು ಟೈಲರಕ್ಕ.

"ಎರಡಾಳು ಎತ್ತರ ಮಣ್ಣು ತುಂಬಿಸ್ತೀವಿ. ನಿಮ್ಮ ಹುಡುಗರಿಗೇ ಕೆಲಸ ಕೊಡ್ತೀವಿ," ಎಂದರು ಮ್ಯಾನೇಜರು. ಅವರ ಮಾತಿನಲ್ಲಿ ಮೋಸವೇನೂ ಇರಲಿಲ್ಲ.

ಆಚೆ ದಡದಿಂದ ಗೆದ್ದ ಸೈಕಲ್ ರಿಪೇರಿಯವನು ಎದ್ದು ನಿಂತ. "ನೀವೇನೋ ಎತ್ತರ ಮಾಡ್ಕೋತೀರಿ ಸಾರ್. ನಮ್ಮ ಮನೆಗಳನ್ನ ಯಾರು ಎತ್ತರ ಮಾಡ್ತಾರೆ?"

"ಹೊಳೆ ಇಲ್ಲಿಗೆ ಬಂದು ಯಾವ ಕಾಲವಾಯ್ತು ರೀ? ಕೂತ್ಕೊಳ್ಳಿ, ಹಗ್ಗ ನೋಡಿ ಹಾವು ಅಂತೀರಲ್ಲ!" ಎಂದು ಅಧ್ಯಕ್ಷರು ಗದರಿಸಿ, ಊರಿನ ಭವಿಷ್ಯದ ಮೇಲೆ ಭಾಷಣ ಶುರುಮಾಡಿದರು. ಭವಿಷ್ಯ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಥಟ್ಟನೆ ಎರಡೂ ಕಾಲು ಮೇಲೆತ್ತಿಕೊಂಡರು. ಮೇಜಿನ ಕೆಳಗೆ ನೀರು ಬಂದಿತ್ತು.

ಸದ್ದಿಲ್ಲ, ಗದ್ದಲವಿಲ್ಲ. ಹುಲ್ಲಿನ ಬುಡದಿಂದ ಬುಡಕ್ಕೆ ಹರಿದು ಬಂದು ಎಲ್ಲರ ಕಾಲು ತೋಯಿಸಿತ್ತು. "ಮೇಲೆ ಗುಡ್ಡದ ಕಡೆ ಜೋರು ಮಳೆಯಾಗಿದೆ, ಏಳಿ ಏಳಿ!" ಎಂದು ಪುರಸಭೆಯ ಎಂಜಿನಿಯರು ಕೂಗಿದ್ದೇ ತಡ, ಚಪ್ಪಲಿ ಕೈಯಲ್ಲಿ ಹಿಡಿದು ಸಭೆಗೆ ಸಭೆಯೇ ಎತ್ತರದ ಸೇತುವೆಯ ಕಡೆ ಓಡಿತು. ತಮ್ಮನೂ ಅವನ ಜೊತೆಯವರೂ ಕೈಗೆ ಸಿಕ್ಕಷ್ಟು ಕುರ್ಚಿ ಹೊತ್ತು ಹಿಂದೆಯೇ ಬಂದರು.

ಸೇತುವೆಯ ಮೇಲೆ ನಿಂತು ಟೈಲರಕ್ಕ ತಿರುಗಿ ನೋಡಿದಳು.

ಮೇಲಿನಿಂದ ಹೊಳೆ ಕೆಂಪಗೆ ಮೊರೆಯುತ್ತ ಬರುತ್ತಿತ್ತು. ಬೇರು ಸಮೇತ ಕಿತ್ತುಬಂದ ದೊಡ್ಡ ಮರವೊಂದು ಅದರಲ್ಲಿ ಕಡ್ಡಿಯಂತೆ ಉರುಳುತ್ತಿತ್ತು. ಸೇತುವೆಗೆ ಬಡಿದೇ ಬಿಡುತ್ತದೆ ಎಂದು ಅವಳು ಉಸಿರು ಬಿಗಿಹಿಡಿದಳು. ಆದರೆ ಬಯಲಿನ ಹತ್ತಿರ ಬಂದದ್ದೇ ಹೊಳೆ ತನ್ನ ಮೈಯನ್ನು ಪಕ್ಕಕ್ಕೆ ಚಾಚಿತು. ನೀರು ಹರಡಿತು, ಹರಡಿದಷ್ಟೂ ಮೆತ್ತಗಾಯಿತು. ಮರ ನಿಧಾನವಾಗಿ ತಿರುಗಿ, ದಣಿದು ಬಂದವರು ಜಗಲಿಯ ಮೇಲೆ ಒರಗುವ ಹಾಗೆ ಹುಲ್ಲಿನ ಮೇಲೆ ಒರಗಿತು. ನೋಡನೋಡುತ್ತ ಬಯಲಿನ ತುಂಬ ಆಕಾಶ ಇಳಿದಿತ್ತು. ಇಷ್ಟು ದೊಡ್ಡದೊಂದು ಕೆಲಸ ತಮ್ಮೂರಿನ ಪಕ್ಕದಲ್ಲೇ ನಡೆಯುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮೊದಲು ಮಾತಾಡಿದವರು ಮ್ಯಾನೇಜರು. "ಇದಕ್ಕೇ ಅಲ್ವಾ ಮಣ್ಣು ತುಂಬಿಸೋದು? ಆಮೇಲೆ ಇಲ್ಲಿಗೆ ಒಂದು ತೊಟ್ಟೂ ಬರಲ್ಲ."

"ಇಲ್ಲಿಗೆ ಬರದಿದ್ರೆ ಎಲ್ಲಿಗೆ ಹೋಗುತ್ತೆ, ಎಂಜಿನಿಯರೇ?" ಟೈಲರಕ್ಕ ಕೇಳಿದಳು.

ಎಂಜಿನಿಯರು ಅಧ್ಯಕ್ಷರ ಮುಖ ನೋಡಿದರು, ಆಮೇಲೆ ಆಚೆ ದಡವನ್ನು. "ಅಲ್ಲಿಗೆ, ಅಮ್ಮ. ಯಾರೂ ಕೇಳಲಿಲ್ಲ ಅಂತ ಸುಮ್ಮನಿದ್ದೆ."

"ಕೇಳದಿದ್ರೂ ಹೇಳ್ಬೇಕಿತ್ತು."

"ಹೌದು, ಹೇಳ್ಬೇಕಿತ್ತು," ಎಂದು ಅವರು ತಲೆ ತಗ್ಗಿಸಿದರು.

ಆಚೆ ದಡದ ಮನೆಗಳ ಮೆಟ್ಟಿಲಿನವರೆಗೆ ಬಂದು ನೀರು ನಿಂತುಬಿಟ್ಟಿತ್ತು. ಅಲ್ಲೊಬ್ಬ ಹೆಂಗಸು ಹಿತ್ತಲಿನ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು.

ಸಭೆ ಮುಗಿಯದೆ ಮನೆಗೆ ಹೋಗುವುದು ಅಧ್ಯಕ್ಷರ ಜಾಯಮಾನವಲ್ಲ. ಅಲ್ಲೇ ಸೇತುವೆಯ ಮೇಲೆ ಗಂಟಲು ಸರಿಮಾಡಿಕೊಂಡರು. "ಗೆರೆ ಸರಿಸೋದಕ್ಕೆ ಒಪ್ಪಿಗೆ ಇರೋರು ಕೈ ಎತ್ತಿ."

ನಾಲ್ಕು ಕೈ ಮೇಲೆದ್ದವು. ಹೊತ್ತು ತಂದ ಕುರ್ಚಿ ಕೆಳಗಿಟ್ಟ ತಮ್ಮ, ಅಕ್ಕನನ್ನೇ ನೋಡುತ್ತಿದ್ದ. ಆ ನೋಟವನ್ನು ತಡೆದುಕೊಳ್ಳುವುದು ಟೈಲರಕ್ಕನಿಗೆ ಪ್ರಾಣಸಂಕಟವಾಯಿತು. ಎತ್ತಿ ಆಡಿಸಿದ ಮಗು ಅವನು. ಅವಳು ಎರಡೂ ಕೈಯಲ್ಲಿ ಸೇತುವೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ವಿರೋಧ?"

ಉಳಿದ ನಾಲ್ವರ ಜೊತೆ ಅವಳೂ ಕೈ ಎತ್ತಿದಳು. ಗೆರೆ ಇದ್ದಲ್ಲೇ ಉಳಿಯಿತು. "ಕಾರ್ಖಾನೆ ಬೇಡ ಅನ್ನಲ್ಲ ಸಾರ್," ಎಂದಳು ಮ್ಯಾನೇಜರ ಕಡೆ ತಿರುಗಿ. "ಗಿರಣಿ ಹಿಂದೆ ದಿಣ್ಣೆ ಜಾಗ ಇದೆ. ಅಲ್ಲಿ ಕಟ್ಟಿ."

"ಅದು ಬರೀ ಬಂಡೆ, ಖರ್ಚು ಜಾಸ್ತಿ. ಮೇಲಿನವರನ್ನ ಕೇಳಿ ನೋಡ್ತೀನಿ, ಭರವಸೆ ಕೊಡಲ್ಲ," ಎಂದರು ಅವರು.

ಒಬ್ಬೊಬ್ಬರಾಗಿ ಎಲ್ಲರೂ ಇಳಿದುಹೋದ ಮೇಲೆ ತಮ್ಮ ಬಂದು ಪಕ್ಕದಲ್ಲಿ ನಿಂತ.

"ಮಾತು ಕೊಟ್ಟಿದ್ದೆ ಅಲ್ವಾ ಅಕ್ಕ?"

"ಕೊಟ್ಟಿದ್ದೆ. ಮಾತಿಗೆ ತಪ್ಪಿದೆ ಕಣೋ."

ಅವನು ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಅವಳಿಗೂ ಹಗುರವಾಗುತ್ತಿತ್ತು. ಅವನು ನೀರನ್ನು ನೋಡಿದ, ಒರಗಿದ ಮರವನ್ನು ನೋಡಿದ, ಆಚೆಯ ಮೆಟ್ಟಿಲುಗಳನ್ನು ನೋಡಿದ. ಕೋಪವೆಲ್ಲ ಆ ಅಗಾಧ ನೀರಿನ ಮುಂದೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವನ ಮುಖದಲ್ಲಿ ತಡಕಾಡುತ್ತಿತ್ತು.

"ಬಟ್ಟೆ ಹರವ್ತಿರೋ ಆಯಮ್ಮಂಗೆ ನಾವು ಯಾರು ಅಂತಾನೂ ಗೊತ್ತಿಲ್ಲ," ಎಂದ ಕೊನೆಗೆ.

"ಇಲ್ಲ."

"ಇಲ್ಲೇನು ನಡೀತು ಅಂತಾನೂ ಗೊತ್ತಿಲ್ಲ."

"ಅದೂ ಇಲ್ಲ."

ಬಟ್ಟೆ ಹರವಿ ಮುಗಿಸಿದ ಹೆಂಗಸು ಹೊಳೆಯ ಕಡೆ ತಿರುಗಿದವಳು ಸೇತುವೆಯ ಮೇಲೆ ನಿಂತಿದ್ದ ಇಬ್ಬರನ್ನು ಕಂಡಳು. ನೀರು ನೋಡಲು ಬಂದವರೆಂದುಕೊಂಡಳೋ ಏನೋ, ನಗುತ್ತ ಕೈ ಬೀಸಿದಳು.

ತಮ್ಮ ಒಮ್ಮೆ ಅಕ್ಕನ ಮುಖ ನೋಡಿದ. ಆಮೇಲೆ ಅವನೂ ಕೈ ಎತ್ತಿದ.