ಸಾರಿಸಿದ ಗೋಡೆ

ಶೇವಂತೆವ್ವ ಎರಡೂ ಅಂಗೈ ಕೂಡಿಸಿ ಗಾಳಿಯಲ್ಲಿ ಬಡಿದಳು. ಬಿಡಿಸಿ ನೋಡಿದರೆ ಅಂಗೈಯಲ್ಲಿ ಏನೂ ಇಲ್ಲ. ತೊಟ್ಟಿಲಲ್ಲಿ ಆಗಷ್ಟೇ ಕಣ್ಣು ಮುಚ್ಚಿದ್ದ ಕೂಸು ಮಾತ್ರ ಆ ಸಪ್ಪಳಕ್ಕೆ ಬೆಚ್ಚಿ, ತುಟಿ ಸೊಟ್ಟ ಮಾಡಿ, ಕಿಟಾರನೆ ಕಿರುಚಿತು.

"ಯವ್ವಾ, ಗುಂಗಾಡ ಕಡದು ಅಳೂದು ಸಾಲದಂತ ನೀ ಬ್ಯಾರೆ ಎಬ್ಬಸ್ತಿ ನೋಡು," ಎಂದಳು ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ ಮಗಳು ಸುಂದರವ್ವ.

"ಹಂಗಾರ ಕಡೀಲೇನು? ನೋಡಿಕೋತ ಕುಂದರ್ಲೇನು? ಇವುಕ್ಕ ಸಿಡ್ಲ ಬಡೀಲಿ, ಇವುಗಳ ವಂಶ ಹಾಳಾಗ್ಲಿ!"

ಸೊಳ್ಳೆಗಳಿಗೆ ಸಿಡಿಲೂ ಬಡಿಯಲಿಲ್ಲ, ವಂಶವೂ ಹಾಳಾಗಲಿಲ್ಲ. ಹೊತ್ತು ಮುಳುಗುವುದೇ ತಡ, ಭೀಮಾ ನದಿಯ ದಂಡೆಯ ಜೇಕು ಹುಲ್ಲಿನಿಂದೆದ್ದು ದೇವಣಗಾಂವದ ಓಣಿ ಓಣಿಗೆ ಅವು ಬರುತ್ತಿದ್ದವು. ಎಪ್ಪತ್ತೆರಡರ ಬರದಲ್ಲಿ ಕುಡಿಯಲು ನೀರಿಲ್ಲದೆ ಊರು ಬಾಯಿ ಬಿಟ್ಟಿತ್ತು. ಅದರ ಮುಂದಿನ ವರ್ಷಗಳಲ್ಲಿ ಮಳೆಯಾಯಿತು, ಹೊಳೆಯ ಮಡುಗಳಲ್ಲಿ ಬೇಸಿಗೆಗೂ ನೀರು ನಿಂತಿತು, ನೀರಿನ ಹಿಂದೆಯೇ ಇವೂ ಬಂದವು. ದೇವರು ಕೊಡುವಾಗ ಒಂದನ್ನೇ ಕೊಡುವುದಿಲ್ಲ ಎಂದು ಶೇವಂತೆವ್ವ ಎಷ್ಟೋ ಸಲ ಹೇಳಿಕೊಂಡಿದ್ದಳು. ಆದರೆ ಈಗ ಹಾಗೆ ಸಮಾಧಾನ ಹೇಳಿಕೊಳ್ಳುವ ವ್ಯವಧಾನ ಅವಳಿಗಿರಲಿಲ್ಲ.

ಅದು ಬಾಣಂತಿ ಖೋಲಿ. ತಲೆಗೆ ಗಾಳಿ ಬಡಿಯಬಾರದೆಂದು ಇದ್ದ ಒಂದು ಕಿಟಕಿಗೂ ಗೋಣಿಚೀಲ ತುರುಕಿತ್ತು. ಹೊರಗೆ ವೈಶಾಖದ ಕಾವು, ಒಳಗೆ ಹೊರಸಿನ ಕೆಳಗಿನ ಕೆಂಡದ ಕಾವು. ಎರಡು ತಿಂಗಳೂ ತುಂಬದ ಕೂಸಿನ ಕೆನ್ನೆ, ಮೊಣಕೈ, ಅಂಗಾಲಿನ ಮೇಲೆಲ್ಲ ಕೆಂಪು ದದ್ದು. ನಿನ್ನೆ ರೆಪ್ಪೆಯ ಮೇಲೆ ಕಡಿದು ಒಂದು ಕಣ್ಣು ಊದಿ ಮುಚ್ಚಿಯೇ ಹೋಗಿತ್ತು.

ಮಾಡದ ಉಪಾಯವಿರಲಿಲ್ಲ. ಬೇವಿನ ತಪ್ಪಲು, ಲೋಬಾನ ಹಾಕಿ ಹೊಗೆ ಹಾಕಿದರೆ ಸೊಳ್ಳೆಗಿಂತ ಮೊದಲು ಕೂಸೇ ಕೆಮ್ಮಿ ಕೆಮ್ಮಿ ಉಸಿರು ಹಿಡಿಯಿತು. ಬೇವಿನೆಣ್ಣೆ ಹಚ್ಚಿಕೊಂಡು ಸುಂದರವ್ವ ಎದೆಗೆ ತೆಗೆದುಕೊಂಡರೆ ಆ ವಾಸನೆಗೆ ಅದು ಮೊಲೆಯನ್ನೇ ಒಲ್ಲೆನೆಂದಿತು. ತೊಟ್ಟಿಲಿಗೆ ಹಳೆಯ ಸೀರೆ ಮುಚ್ಚಿದರೆ ಬೆವರಿ ಮೈಯೆಲ್ಲ ಬೆವರುಸಾಲೆ. ಕುರಿ ಹಿಂಡಿನ ಜೊತೆ ಅಡವಿಯಲ್ಲಿದ್ದ ಶೇವಂತೆವ್ವನ ಗಂಡ ಸೋಮನಿಂಗ, "ಹಟ್ಟಿಗೆ ಕರಕೊಂಡ ಬಾ, ಇಲ್ಲಿ ಗಾಳಿ ಬೀಸತೈತಿ, ಒಂದೂ ಗುಂಗಾಡಿಲ್ಲ" ಎಂದು ಹೇಳಿ ಕಳಿಸಿದ್ದ. ಬಾಣಂತಿಯನ್ನು ಗಾಳಿಗೆ ಮಲಗಿಸಬೇಕಂತೆ! ಗಂಡಸಿನ ಬುದ್ಧಿ ಕುರಿಯ ಹಿಂದೆ ತಿರುಗಿ ತಿರುಗಿ ಕುರಿಯದೇ ಆಗುತ್ತದೆ ಎಂದು ಅವಳು ಸಿಟ್ಟಿಗೆದ್ದಿದ್ದಳು. ಊರಲ್ಲಿ ಹಾಸಿಗೆಯ ಸುತ್ತ ಕಟ್ಟುವ ಮಚ್ಚರದಾನಿ ಇದ್ದದ್ದು ಸಾಹುಕಾರ ಬಸಂತರಾಯರ ವಾಡೆಯಲ್ಲಿ ಮಾತ್ರ. ಅದನ್ನು ಕೇಳಲು ಬಾಯಿ ಬರಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಹೊರ್ತಿಯಿಂದ ಮಗಳ ಅತ್ತೆ, ಬೀಗತಿ ರೇವವ್ವನ ಮಾತು ಬಂದಿತ್ತು. "ಕೂಸಿನ ಮೈಯೆಲ್ಲ ಕಡದು ಹಣ್ಣ ಮಾಡ್ಯಾವಂತ ಕೇಳೇನಿ. ಅಮವಾಸಿ ಒಳಗ ಬರ್ತೇನಿ. ಹಂಗೇ ಇದ್ರ ತಾಯಿ ಕೂಸು ಇಬ್ಬರನ್ನೂ ಕರಕೊಂಡ ಹೋಗ್ತೇನಿ. ನಮ್ಮೂರಾಗ ಗುಂಗಾಡ ಇಲ್ಲ."

ಐದು ತಿಂಗಳ ಬಾಣಂತನ ತವರಿನ ಹಕ್ಕು. ಹೆರಿಗೆಯಲ್ಲಿ ಸೋರಿದ ರಕ್ತಕ್ಕೆ ಸುಂದರವ್ವ ಇನ್ನೂ ಗೋಡೆ ಹಿಡಿದೇ ಏಳುತ್ತಿದ್ದಳು. ಹೊರ್ತಿಗೆ ಹೋದರೆ ಮೊದಲ ದಿನ ಉಪಚಾರ, ಎರಡನೆಯ ದಿನ ಅಡಿಗೆ, ಮೂರನೆಯ ದಿನ ಬೀಸುವ ಕಲ್ಲು. ರೇವವ್ವ ಕೆಟ್ಟವಳಲ್ಲ, ಆದರೆ ದುಡಿಯದೆ ಕೂತ ಹೆಂಗಸನ್ನು ಕಂಡರೆ ಆಕೆಗೆ ಆಗಿಬರುವುದಿಲ್ಲ. ಶೇವಂತೆವ್ವ ಮಗಳ ತೆಳ್ಳಗಾದ ಮುಂಗೈ ನೋಡಿದಳು. ಬಳೆ ಮೊಣಕೈವರೆಗೂ ಜಾರುತ್ತಿದ್ದವು.

"ಆ ಪಂಪಿನವರು ಮೋಸ ಮಾಡಿದ್ರು," ಎಂದಳು ಹಲ್ಲು ಕಚ್ಚಿ. "ಔಷಧ ಎಲ್ಲೋ ಮಾರಿಕೊಂಡು ಸುಣ್ಣದ ನೀರ ಹೊಡದ ಹೋದ್ರು."

ಸುಂದರವ್ವ ಗೋಡೆಯ ಕಡೆ ಕಣ್ಣು ಹಾಯಿಸಿದಳು. ಆ ನೋಟ ಶೇವಂತೆವ್ವನಿಗೆ ಚುಚ್ಚಿತು.

ಯುಗಾದಿ ಮುಗಿದ ಮೇಲೆ ಖಾಕಿ ಅಂಗಿಯ ಮಲೇರಿಯಾದವರು ಬಂದಿದ್ದರು. ಗಡಿಗೆ ಮಡಿಕೆ ಹೊರಗಿಡಿಸಿ, ಬಾಣಂತಿಯನ್ನು ಪಡಸಾಲೆಗೆ ಕಳಿಸಿ, ಮನೆಯೊಳಗೆಲ್ಲ ಸೊಳ್ಳೆ ಔಷಧದ ಪಂಪು ಹೊಡೆದಿದ್ದರು. ಒಣಗಿದ ಮೇಲೆ ಗೋಡೆಯ ತುಂಬ ಮೇಲಿಂದ ಕೆಳಗೆ ಬಿಳಿ ಸೋರು ಕಲೆ. "ದಸರಾ ತನಕ ಗ್ವಾಡಿ ಸಾರಸಬ್ಯಾಡ ಯವ್ವಾ, ಔಷಧ ಮ್ಯಾಲೇ ಇರಬೇಕು," ಎಂದು ಒಬ್ಬ ಹೇಳಿಯೂ ಹೇಳಿದ್ದ. "ನಿಮ್ಮವ್ವ ದಸರಾ ತನಕ ಸಾರಸದ ಇರ್ತಾಳೇನು?" ಎಂದು ಇವಳು ನಕ್ಕಿದ್ದಳು. ಆದರೂ ಕೈ ಹಚ್ಚಿರಲಿಲ್ಲ. ಮನೆ ಕೆಲವು ದಿನ ತಣ್ಣಗಿತ್ತು, ಕೂಸು ಮಲಗುತ್ತಿತ್ತು.

ಆಮೇಲೆ ರೇವವ್ವ ಕೂಸು ನೋಡಲು ಬಂದಳು. ಕೂಸಿಗಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಗೋಡೆ.

"ಇದೇನ್ರಿ ಬೀಗತಿ, ಗ್ವಾಡಿ ತುಂಬ ಕಾಗಿ ಹಿಕ್ಕಿ ಹಾಕ್ಯಾವೇನು? ನಮ್ಮ ಸೊಸಿ ಮಲಗೂ ಖೋಲಿ. ಊರಾಗ ಒಂದ ಬುಟ್ಟಿ ಹೆಂಡಿ ಸಿಗಲಿಲ್ಲೇನ್ರಿ ನಿಮಗ?"

ನಗುತ್ತಲೇ ಅಂದಿದ್ದಳು. ಬೈದಿದ್ದರೆ ಶೇವಂತೆವ್ವ ತಿರುಗಿ ಬೈದು ಮರೆಯುತ್ತಿದ್ದಳು. ನಗೆ ಮಾತ್ರ ಒಳಗೆ ನಟ್ಟಿತು. ಓಣಿಯಲ್ಲಿ ಸಾರಣೆ ಎಂದರೆ ಶೇವಂತೆವ್ವನದು. ಅಮೋಘಸಿದ್ಧನ ಪದ ಗುನುಗುತ್ತ ಅವಳು ಅಂಗೈ ಎಳೆದರೆ ಗೋಡೆಯ ಮೇಲೆ ಗೆರೆ ಮೂಡುತ್ತಿರಲಿಲ್ಲ. ಮರುದಿನ ಬೀಗತಿ ಏಳುವುದರೊಳಗೆ ಸಗಣಿ, ಮಣ್ಣು ಕಲಸಿ, ಬಿಳಿ ಕಲೆಯೆಲ್ಲ ಮುಚ್ಚಿ, ಖೋಲಿಯನ್ನು ಬೆಳಗಿದ ಬಟ್ಟಲಿನ ಹಾಗೆ ಮಾಡಿದಳು. ರೇವವ್ವ ಗೋಡೆಯ ಮೇಲೆ ಕೈಯಾಡಿಸಿ, "ಈಗ ಮನಿ ಮನಿ ಹಂಗ ಕಾಣತೈತಿ ನೋಡ್ರಿ," ಅಂದಳು. ಶೇವಂತೆವ್ವನ ಎದೆ ಒಂದು ಗೇಣು ಉಬ್ಬಿತ್ತು.

ಅದೆಲ್ಲ ಈಗ ಯಾಕೆ ನೆನಪಾಗಬೇಕು? ಅವಳು ತಲೆ ಕೊಡವಿ, ಕಿರುಚುತ್ತಿದ್ದ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು.

"ಯಾಕ ಅಳಸಾಕತ್ತಿ ಯಕ್ಕಾ? ಇತ್ತ ತಗೊಂಡ ಬಾ," ಎಂದು ಪಕ್ಕದ ಮನೆಯ ಬಾಗಿಲಿಂದ ಚಂದವ್ವ ಕರೆದಳು.

ಚಂದವ್ವನ ಮನೆಯೊಳಗೆ ಶೇವಂತೆವ್ವ ಕಾಲಿಟ್ಟದ್ದು ಅಪರೂಪ. ಕೋಳಿ ಒಳಗೇ ಮಲಗುತ್ತಿದ್ದವು. ಒಲೆಯ ಬೂದಿ ಒಲೆಯಲ್ಲೇ, ಮೂಲೆಯ ಜೇಡ ಮೂಲೆಯಲ್ಲೇ. ನೀರಿಗೆ ಹೋದಾಗ ಹೆಂಗಸರೆಲ್ಲ, ಚಂದವ್ವನ ಮನೆಗೆ ಹೋದರೆ ಕಾಲು ತೊಳೆದುಕೊಂಡು ಹೊರಗೆ ಬರಬೇಕು ಎಂದು ನಗುತ್ತಿದ್ದರು. ಆ ಮಾತು ಮೊದಲು ಹುಟ್ಟಿದ್ದು ಯಾರ ಬಾಯಲ್ಲಿ ಎಂಬುದು ಶೇವಂತೆವ್ವನಿಗೆ ಚೆನ್ನಾಗಿ ಗೊತ್ತಿತ್ತು. ಇಂಥ ಹೊಲಸಿನಲ್ಲಿ ಸೊಳ್ಳೆ ಬುಟ್ಟಿಗಟ್ಟಲೆ ಇದ್ದಾವು ಎಂದುಕೊಂಡು, ಕೂಸಿನ ಮುಖದ ಮೇಲೆ ಒಂದು ಕೈ ಎತ್ತಿಯೇ ಹಿಡಿದು, ಕಂಬಳಿಯ ತುದಿಯಲ್ಲಿ ಕೂತಳು.

ಕೈ ಸೋತಿತು. ಸೊಳ್ಳೆ ಬರಲಿಲ್ಲ. ಕಿವಿಯ ಹತ್ತಿರ ಆ ಗುಂಯ್ ಎನ್ನುವ ಸದ್ದಿಲ್ಲ. ಕೂಸು ಒಂದೆರಡು ಸಲ ಬಿಕ್ಕಿ, ಅವಳ ತೊಡೆಯ ಮೇಲೇ ಕಾಲು ಸಡಿಲ ಬಿಟ್ಟು ನಿದ್ದೆ ಹೋಯಿತು.

"ನಿಮ್ಮ ಮನ್ಯಾಗ ಗುಂಗಾಡಿಲ್ಲೇನ ಚಂದವ್ವ?"

"ಎಲ್ಲಿ ಅದಾವ ಯಕ್ಕಾ? ಆ ಪಂಪಿನವರು ಬಂದು ಹೋದಾಗಿಂದ ಒಂದೂ ಇಲ್ಲ. ಕೋಳಿ ಸೈತ ಆರಾಮ ಮಲಗತಾವ."

ಬುಡ್ಡಿಯ ದೀಪದಲ್ಲಿ ಶೇವಂತೆವ್ವ ಗೋಡೆ ನೋಡಿದಳು. ಬಿಳಿ ಸೋರು ಕಲೆ, ಅವತ್ತು ಬಿದ್ದದ್ದು ಬಿದ್ದ ಹಾಗೇ ಇತ್ತು.

"ಸಾರಸೇ ಇಲ್ಲ ನೀನು," ಎಂದಳು. ಬಯ್ಯಲು ಹೊರಟ ಮಾತು ಬೇರೆ ಏನೋ ಆಗಿ ಹೊರಬಂತು.

"ನನಗೆಲ್ಲಿ ಪುರುಸೊತ್ತು? ಮಂದಿ ಹೊಲದಾಗ ಕಸ ಆರಿಸಿ ಬರೂದ್ರೊಳಗ ಸೊಂಟ ಬಿದ್ದ ಹೋಗತೈತಿ. ನಗವರು ನಗಲಿ ಬಿಡು. ನೀನೂ ನಕ್ಕೀದಿ," ಎಂದು ಚಂದವ್ವ ತಾನೇ ನಕ್ಕಳು. ಆ ನಗೆಯಲ್ಲಿ ಮುಳ್ಳಿರಲಿಲ್ಲ. ಅದೇ ಶೇವಂತೆವ್ವನಿಗೆ ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಅವಳು ಕುಡಗೋಲು ತಂದು ಬಾಣಂತಿ ಖೋಲಿಯ ಗೋಡೆ ಕೆರೆಯತೊಡಗಿದಳು. ಮೇಲಿನ ಸಾರಣೆಯಷ್ಟೇ ಕಿತ್ತು ಬಂದರೆ ಅಡಿಯ ಔಷಧ ಉಳಿದೀತು ಎಂಬ ಆಸೆ. ಆದರೆ ಅವಳ ಸಾರಣೆ ಅಂಥಿಂಥದ್ದಲ್ಲ. ಹೆಂಡಿ, ಬಿಳಿ, ಹಳೆಯ ಮಣ್ಣು ಎಲ್ಲ ಒಂದೇ ಹಕ್ಕಳೆಯಾಗಿ ಕೆಳಗೆ ಉದುರಿತು. ಇನ್ನೊಂದು ಕಡೆ ಕೆರೆದಳು, ಅಲ್ಲೂ ಅಷ್ಟೇ. ಬೆವರು ಕಣ್ಣಿಗಿಳಿಯಿತು. ಕುಡಗೋಲನ್ನು ಮೂಲೆಗೆ ಎಸೆದಳು.

"ಗ್ವಾಡೀನ ಕೆಡವತಿಯೇನ ಯವ್ವಾ?" ಎಂದಳು ಸುಂದರವ್ವ ಮೆಲ್ಲಗೆ.

"ಕೆಡವತೇನಿ! ಮನೀನ ಕೆಡವತೇನಿ! ನೀ ಯಾಕ ಅವತ್ತ ನನ್ನ ಕೈ ಹಿಡೀಲಿಲ್ಲ?"

"ಹಿಡದಿದ್ರ ನೀ ಬಿಡ್ತಿದ್ದಿ?"

ಶೇವಂತೆವ್ವ ಚಾವಡಿಗೆ ಹೋಗಿ ವಿಚಾರಿಸಿದಳು. ಪಂಪಿನವರು ಸಿಂದಗಿ ಕಡೆಗೆ ಹೋಗಿಯಾಗಿತ್ತು. ಇನ್ನು ಬರುವುದು ಮಳೆ ಬಿದ್ದ ಮೇಲೆಯೇ ಎಂದರು.

ಆ ಸಂಜೆ ಅವಳು ತೊಟ್ಟಿಲನ್ನು ಹಗ್ಗದಿಂದ ಬಿಚ್ಚಿ ತಲೆಯ ಮೇಲಿಟ್ಟುಕೊಂಡಳು. ತಲೆ, ಕಿವಿ ಮುಚ್ಚುವ ಹಾಗೆ ಕಂಬಳಿ ಹೊದ್ದ ಸುಂದರವ್ವ ಕೂಸನ್ನು ಎದೆಗವಚಿಕೊಂಡು ಹಿಂದೆ ಬಂದಳು. ನಾಲ್ಕು ಹೆಜ್ಜೆಯ ದಾರಿ. ಆದರೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಗಸರು ಅಷ್ಟರಲ್ಲೇ ಹಿಡಿದರು.

"ಯಾಕ ಶೇವಂತಕ್ಕ, ಗುಳೆ ಹೊಂಟೀಯೇನ? ಅದೂ ಚಂದವ್ವನ ಮನೀಗೆ?"

"ಹೌದವಾ. ಬರೂವಾಗ ಕಾಲ ತೊಳಕೊಂಡ ಬರ್ತೇನಿ, ಚಿಂತಿ ಮಾಡಬ್ಯಾಡ್ರಿ," ಎಂದಳು. ತನ್ನ ಮಾತು ತನ್ನ ಬಾಯಿಗೇ ಕಹಿಯಾಯಿತು.

ಚಂದವ್ವ ಕೋಳಿಗಳನ್ನು ಒಂದು ಮೂಲೆಗೆ ಅಟ್ಟಿ ಜಾಗ ಮಾಡಿಕೊಟ್ಟಳು. "ಎಷ್ಟ ದಿನಾರ ಇರ್ರಿ ಯಕ್ಕಾ. ಆದ್ರ ನಿನ್ನ ಕೈ ಸುಮ್ಮನ ಇರೂದಿಲ್ಲ, ನನಗ ಗೊತ್ತು. ನೆಲ ಬೇಕಾದ್ರ ಸಾರಸು. ಗ್ವಾಡೀಗೆ ಹ್ವಾದ್ರ ನೋಡು ಮತ್ತ!"

ಶೇವಂತೆವ್ವ ನೆಲ ಸಾರಿಸಿದಳು. ಗೋಡೆಯ ಬುಡಕ್ಕೆ ಬಂದಾಗ ಅಂಗೈ ತಾನಾಗಿಯೇ ಮೇಲೇರಲು ನೋಡಿತು. ಬೆರಳು ಮಡಿಚಿಕೊಂಡಳು. ದಿನಾ ಹೊತ್ತಿಳಿದರೆ ಅಲ್ಲಿ, ಹೊತ್ತೇರಿದರೆ ಮನೆಗೆ. ಹೀಗೆ ಕೆಲವು ದಿನ ನಡೆದು, ಕೂಸಿನ ಊದಿದ ಕಣ್ಣು ತೆರೆಯಿತು, ಕೆನ್ನೆಯ ದದ್ದು ಕಂದು ಬಣ್ಣಕ್ಕೆ ತಿರುಗಿದವು.

ಅಮಾವಾಸ್ಯೆ ಹತ್ತಿರವಿದ್ದ ಒಂದು ಸಂಜೆ, ಇಂಡಿ ಪಟ್ಟಣದ ಬಸ್ಸಿನಿಂದ ಇಳಿದ ರೇವವ್ವ ಬೀಗರ ಮನೆಯ ಬಾಗಿಲಿಗೆ ಚಿಲಕ ಹಾಕಿದ್ದು ಕಂಡು, ಕೇಳಿಕೊಂಡು, ಚಂದವ್ವನ ಹೊಸ್ತಿಲಿಗೆ ಬಂದು ನಿಂತಳು. ಹೊಸ ಹಸಿರು ಇಳಕಲ್ಲ ಸೀರೆ, ಕಂಕುಳಲ್ಲಿ ಗಂಟು. ಕಣ್ಣು ಒಮ್ಮೆ ಕೋಳಿಗಳ ಮೇಲೆ, ಒಮ್ಮೆ ಗೋಡೆಯ ಮೇಲೆ ಹರಿದು ತೊಟ್ಟಿಲ ಮೇಲೆ ನಿಂತಿತು.

"ಏನ್ರಿ ಬೀಗತಿ ಇದು? ನಮ್ಮ ಮೊಮ್ಮಗ ಮಂದಿ ಮನ್ಯಾಗ, ಕೋಳಿ ಜೋಡಿ? ಬಾಣಂತನ ಮಾಡಾಕ ಆಗಲ್ದಿದ್ರ ಒಂದ ಮಾತ ಹೇಳಬೇಕಿಲ್ಲ? ಸುಂದ್ರಿ, ಗಂಟ ಕಟ್ಟು. ಮುಂಜಾನಿ ಬಸ್ಸಿಗೆ ಹೋಗೂಣು. ನಮ್ಮ ಹೊರ್ತ್ಯಾಗ ಗುಂಗಾಡ ಅಂದ್ರ ಏನಂತ ಗೊತ್ತಿಲ್ಲ."

ಸುಂದರವ್ವ ಅವ್ವನ ಮುಖ ನೋಡಿದಳು. ಶೇವಂತೆವ್ವ ಏನು ಹೇಳುವುದು? ನಿಮ್ಮ ಒಂದು ಮಾತಿಗೆ ನಾನು ಗೋಡೆ ಸಾರಿಸಿ ಕೆಟ್ಟೆ ಎಂದೇ? ಸಾರಿಸಿದ ಕೈ ತನ್ನದು. ಅವಳು ತೊಟ್ಟಿಲ ಹಗ್ಗವನ್ನು ಗಟ್ಟಿಯಾಗಿ ಹಿಡಿದಳು.

ರೇವವ್ವ ಬಗ್ಗಿ ಕೂಸನ್ನು ಎತ್ತಲು ಕೈ ಚಾಚಿದಳು. ಬಳೆಗಳು ಗಲಗಲ ಎಂದು ಮುಂದಕ್ಕೆ ಸರಿದವು. ಚಂದವ್ವ ಆಗಲೇ ಹಚ್ಚಿ ತಂದ ದೀಪದ ಬೆಳಕು ಆ ಮುಂಗೈ ಮೇಲೆ ಬಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಗುಳ್ಳೆ. ಕೆಲವು ಕೆರೆದು ಹೆಪ್ಪುಗಟ್ಟಿದ್ದವು, ಕೆಲವು ಹೊಸವು.

ಶೇವಂತೆವ್ವನ ನಾಲಿಗೆಯ ತುದಿಗೆ ಒಂದು ಮಾತು ಬಂತು. ಅದನ್ನು ನುಂಗಿದಳು. ಬೇರೊಂದನ್ನು ಕೇಳಿದಳು.

"ನಿಮ್ಮೂರಿಗೂ ಪಂಪಿನವರು ಬಂದಿದ್ರೇನ್ರಿ?"

"ಬರಲಾರದ ಏನು? ಮನಿ ತುಂಬ ಇದೇ ಹಿಕ್ಕಿ," ಎಂದು ರೇವವ್ವ ಗೋಡೆಯ ಕಡೆ ಗದ್ದ ತೋರಿಸಿದಳು. "ನಾ ಹಂಗೇ ಬಿಡ್ತೇನೇನು? ಮರುದಿನಾನೇ ಹೆಂಡಿ ಕಲಸಿ…"

ಮಾತು ಅಲ್ಲಿಗೇ ನಿಂತಿತು. ರೇವವ್ವ ಗೋಡೆ ನೋಡಿದಳು. ನಿದ್ದೆಯಲ್ಲಿ ತುಟಿ ಚೀಪುತ್ತಿದ್ದ ಕೂಸಿನ ಕೆನ್ನೆ ನೋಡಿದಳು. ಚಾಚಿದ ಕೈ ಮೆಲ್ಲಗೆ ಹಿಂದೆ ಹೋಯಿತು, ಸೆರಗು ಅದರ ಮೇಲೆ ಬಂತು.

ಮೂಲೆಯಲ್ಲಿ ಒಂದು ಕೋಳಿ ರೆಕ್ಕೆ ಕೊಡವಿ ಮತ್ತೆ ಕೂತಿತು.

"ಅತ್ತಿ, ಗಂಟ ಕಟ್ಟಲೇನ್ರಿ?" ಎಂದಳು ಸುಂದರವ್ವ.

"ಕೂಸು ಮಲಗೇತಿ. ಸುಮ್ಮನ ಕುಂದರು," ಎಂದಳು ರೇವವ್ವ.

ಶೇವಂತೆವ್ವ ಕಂಬಳಿಯ ಮೇಲೆ ಪಕ್ಕಕ್ಕೆ ಸರಿದಳು. "ಬಾಗಲ್ದಾಗ ಯಾಕ ನಿಂತೀರಿ ಬೀಗತಿ? ಒಳಗ ಬರ್ರಿ. ಇತ್ತ, ಗ್ವಾಡಿ ಮಗ್ಗಲಕ ಕುಂದರ್ರಿ."

ರೇವವ್ವ ತನ್ನ ಗಂಟು ಕೆಳಗಿಟ್ಟು ಕೂತಳು. ಮೊದಲು ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕೂತಿದ್ದಳು. ದಾರಿಯ ದಣಿವೋ ಏನೋ, ತುಸು ಹೊತ್ತಿನಲ್ಲಿ ಗೋಡೆಗೆ ಒರಗಿದಳು. ಚಂದವ್ವ ಕೊಟ್ಟ ನೀರಿನ ತಂಬಿಗೆಗೆ ಮುಂದೆ ಬಾಗಿದಾಗ ಹೊಸ ಹಸಿರು ಸೀರೆಯ ಬೆನ್ನ ತುಂಬ ಬಿಳಿ ಪುಡಿ ಹತ್ತಿದ್ದು ಕಂಡಿತು. ಅದನ್ನು ಒರೆಸಲು ಶೇವಂತೆವ್ವನ ಕೈ ತಾನಾಗಿಯೇ ಎದ್ದಿತು. ಅರ್ಧಕ್ಕೆ ನಿಂತು, ತಿರುಗಿ, ತೊಟ್ಟಿಲ ಹಗ್ಗವನ್ನು ಹಿಡಿದುಕೊಂಡಿತು.